ಸರ್ವರ್‌ಗೆ ತೇಪೆ: ಗಡಿ ತಾಲ್ಲೂಕುಗಳಲ್ಲಿ ಲೆಕ್ಕ ಇಡುವವರು ಯಾರು?

ಚಿಕ್ಕೋಡಿ: ‘ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ’. ಪಡಿತರ ಅಂಗಡಿ, ನಾಡಕಚೇರಿ, ಉಪನೋಂದಣಿ ಕಚೇರಿ, ಸಹಕಾರಿ ಬ್ಯಾಂಕಿನ ಕೌಂಟರ್, ಎಲ್ಲೇ ಹೋದರೂ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಜನರ ಕಿವಿಗೆ ಬೀಳುವ ಮಾತಿದು. ಒಂದು ಕಾಲಕ್ಕೆ ಹೋಟೆಲಿನಲ್ಲಿ ಚಹಾ ತಂದಿಡುವವನನ್ನು ನೆನಪಿಸುತ್ತಿದ್ದ ‘ಸರ್ವರ್’ ಎಂಬ ಪದ ಇಂದು ರೈತನ ಪಹಣಿಯಿಂದ ಹಿಡಿದು ಠೇವಣಿದಾರನ ಬಡ್ಡಿಯವರೆಗೆ ಎಲ್ಲವನ್ನೂ ಹಿಡಿದಿಟ್ಟುಕೊಂಡ ಯಂತ್ರದ ಹೆಸರಾಗಿದೆ. ಆ ಯಂತ್ರ ಎಲ್ಲಿದೆ, ಅದರೊಳಗಿನ ತಂತ್ರಾಂಶಕ್ಕೆ ಕೊನೆಯ ಬಾರಿ ಭದ್ರತಾ ಅಪ್‌ಡೇಟ್ ಹಾಕಿದ್ದು ಯಾವಾಗ ಎಂದು ಕೇಳಿದರೆ ಮಾತ್ರ ಕೌಂಟರಿನ ಎರಡೂ ಬದಿಯವರು ಮುಖ ಮುಖ ನೋಡಿಕೊಳ್ಳಬೇಕಾಗುತ್ತದೆ.

ಸರ್ವರ್ ನಿಂತದ್ದಕ್ಕೆಲ್ಲ ಅಪ್‌ಡೇಟ್ ಹಾಕದಿರುವುದೇ ಕಾರಣ ಎನ್ನಲಾಗದು. 2024ರ ಡಿಸೆಂಬರ್ ಹಾಗೂ 2025ರ ಜನವರಿಯಲ್ಲಿ ರಾಜ್ಯದ ಕಾವೇರಿ 2.0 ನೋಂದಣಿ ವ್ಯವಸ್ಥೆ ತತ್ತರಿಸಿದ್ದು ಸುಳ್ಳು ಕೋರಿಕೆಗಳ ಮಹಾಪೂರ ಹರಿಸಿದ್ದರಿಂದ. ಅದು ಬಾಗಿಲ ಮುಂದೆ ಗುಂಪು ಕಟ್ಟಿ ದಾರಿ ತಡೆದಂತೆ. ಇಲ್ಲಿ ಹೇಳಹೊರಟಿರುವುದು ಬೇರೆ ಸಂಗತಿ. ಬಾಗಿಲ ಚಿಲಕವೇ ಕಳಚಿದೆ, ಹೊಸ ಚಿಲಕವನ್ನು ತಯಾರಕರು ಉಚಿತವಾಗಿ ಕಳುಹಿಸಿದ್ದಾರೆ, ಆದರೆ ಹಾಕಬೇಕಾದವರಿಗೆ ಅದು ಬಂದದ್ದೇ ತಿಳಿದಿಲ್ಲ ಎಂಬ ಸ್ಥಿತಿ.

ಆರು ತಿಂಗಳು ತೆರೆದಿದ್ದ ಬಾಗಿಲು

ಈ ಸ್ಥಿತಿಗೆ ದೇಶ ತೆತ್ತ ಬೆಲೆ 2024ರ ಜುಲೈ 31ರಂದು ಕಾಣಿಸಿತು. ಅಂದು ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ, ಸಿ-ಎಡ್ಜ್ ಟೆಕ್ನಾಲಜೀಸ್ ಎಂಬ ಸಂಸ್ಥೆಯನ್ನು ತನ್ನ ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿತು. ಭಾರತೀಯ ಸ್ಟೇಟ್ ಬ್ಯಾಂಕ್ ಮತ್ತು ಟಿಸಿಎಸ್ ಸೇರಿ ಕಟ್ಟಿದ ಈ ಸಂಸ್ಥೆ ಸಹಕಾರಿ ಹಾಗೂ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಾಂಶ ಸೇವೆ ಒದಗಿಸುತ್ತದೆ. ಅದರ ವ್ಯವಸ್ಥೆಗೆ ರಾನ್ಸಮ್‌ವೇರ್, ಅಂದರೆ ಕಡತಗಳಿಗೆ ಬೀಗ ಜಡಿದು ಹಣ ಕೇಳುವ ಕುತಂತ್ರಾಂಶ, ನುಗ್ಗಿತ್ತು. ಪರಿಣಾಮವಾಗಿ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ಮತ್ತಿತರ ಪಾವತಿ ಸೌಲಭ್ಯ ಸಿಗದಾಯಿತು. ಮರುದಿನ ಸಂಪರ್ಕ ಮರಳಿತು.

ಕುತಂತ್ರಾಂಶ ಒಳಬಂದ ದಾರಿಯನ್ನು ಬೆಂಗಳೂರು ಮೂಲದ ಕ್ಲೌಡ್‌ಸೆಕ್ ಸಂಸ್ಥೆ ಬಳಿಕ ವಿವರಿಸಿತು. ಅದರ ವರದಿಯ ಪ್ರಕಾರ, ದಾಳಿ ಆರಂಭವಾದದ್ದು ಬ್ಯಾಂಕಿನಲ್ಲೂ ಅಲ್ಲ, ಸಿ-ಎಡ್ಜ್‌ನಲ್ಲೂ ಅಲ್ಲ. ಸಿ-ಎಡ್ಜ್ ಜೊತೆ ಕೆಲಸ ಮಾಡುತ್ತಿದ್ದ ಬ್ರಾಂಟೂ ಟೆಕ್ನಾಲಜಿ ಸಲ್ಯೂಷನ್ಸ್ ಎಂಬ ಮೂರನೆಯ ಸಂಸ್ಥೆಯಲ್ಲಿ ಸರಿಯಾಗಿ ಹೊಂದಿಸದೆ ಬಿಟ್ಟಿದ್ದ ಒಂದು ಜೆಂಕಿನ್ಸ್ ಸರ್ವರ್‌ನಲ್ಲಿ.

ಜೆಂಕಿನ್ಸ್ ಎಂಬುದು ತಂತ್ರಾಂಶ ತಯಾರಕರು ತಮ್ಮ ಕೆಲಸವನ್ನು ಜೋಡಿಸಿ, ಪರೀಕ್ಷಿಸಿ, ಸರ್ವರ್‌ಗೆ ಕಳುಹಿಸಲು ಬಳಸುವ ಸಾಧನ. ಅದರಲ್ಲಿದ್ದ ದೋಷ ಕೇಳಲು ಬಹಳ ಸಣ್ಣದು. ಆದೇಶದ ಸಾಲಿನಲ್ಲಿ ‘ಅಟ್’ ಚಿಹ್ನೆಯ ಮುಂದೆ ಒಂದು ಕಡತದ ಹೆಸರು ಬರೆದರೆ, ಬರೆದವರು ಯಾರೆಂದು ನೋಡದೆ ಆ ಕಡತದೊಳಗಿನ ಸಾಲುಗಳನ್ನು ಅದು ಓದಿ ಹೇಳಿಬಿಡುತ್ತಿತ್ತು. ಗುಟ್ಟಿನ ಕೀಲಿಗಳಿರುವ ಕಡತವೂ ಇದಕ್ಕೆ ಹೊರತಲ್ಲ. ಈ ದೋಷಕ್ಕೆ ಸಿವಿಇ-2024-23897 ಎಂಬ ಕ್ರಮಸಂಖ್ಯೆ ಇದೆ. ಜೆಂಕಿನ್ಸ್ ತಂಡ ಇದನ್ನು ಬಹಿರಂಗಪಡಿಸಿ, ಸರಿಪಡಿಸಿದ ಆವೃತ್ತಿಯನ್ನು ಬಿಡುಗಡೆ ಮಾಡಿದ್ದು 2024ರ ಜನವರಿ 24ರಂದು. ಬ್ಯಾಂಕುಗಳ ಪಾವತಿ ನಿಂತದ್ದು ಅದಾಗಿ 189 ದಿನಗಳ ನಂತರ.

ಠೇವಣಿದಾರನಿಗೆ ತನ್ನ ಬ್ಯಾಂಕಿನ ಮ್ಯಾನೇಜರ್ ಗೊತ್ತು. ಮ್ಯಾನೇಜರ್‌ಗೆ ತಂತ್ರಾಂಶ ಪೂರೈಸಿದ ಕಂಪೆನಿ ಗೊತ್ತು. ಆ ಕಂಪೆನಿಗೆ ಕೆಲಸ ಮಾಡಿಕೊಡುವ ಮತ್ತೊಂದು ಕಂಪೆನಿಯ ಕೋಣೆಯಲ್ಲಿರುವ ಸರ್ವರ್ ಇವರಿಬ್ಬರ ಲೆಕ್ಕದಲ್ಲೂ ಇಲ್ಲ. ಹಣ ನಿಲ್ಲುವುದು ಮಾತ್ರ ಠೇವಣಿದಾರನಿಗೆ.

ಗಡಿ ಭಾಗಕ್ಕೆ ಇದಕ್ಕಿಂತ ಹತ್ತಿರದ ನೆನಪೂ ಇದೆ. 2018ರ ಆಗಸ್ಟ್ 11 ಮತ್ತು 13ರಂದು ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನ ಎಟಿಎಂ ಸ್ವಿಚ್ ಸರ್ವರ್‌ಗೆ ಕುತಂತ್ರಾಂಶ ತೂರಿಸಿ ಸುಮಾರು 94 ಕೋಟಿ ರೂಪಾಯಿ ದೋಚಲಾಯಿತು. 28 ದೇಶಗಳ ಎಟಿಎಂಗಳ ಜೊತೆಗೆ, ನಿಪ್ಪಾಣಿಯಿಂದ ಹೆದ್ದಾರಿಯಲ್ಲಿ ಒಂದು ತಾಸಿನ ದಾರಿಯ ಕೊಲ್ಲಾಪುರದ ಎಟಿಎಂಗಳಿಂದಲೂ ನಕಲಿ ಕಾರ್ಡ್ ಬಳಸಿ ಹಣ ತೆಗೆಯಲಾಗಿತ್ತು. ಈ ಪ್ರಕರಣದಲ್ಲಿ 2023ರಲ್ಲಿ ಪುಣೆಯ ನ್ಯಾಯಾಲಯ 11 ಮಂದಿಗೆ ಶಿಕ್ಷೆ ವಿಧಿಸಿತು.

ತೇಪೆ ಎಂದರೇನು?

ಹರಿದ ಬಟ್ಟೆಗೆ ಹಾಕುವ ತೇಪೆಗೆ ಇಂಗ್ಲಿಷಿನಲ್ಲಿ ಪ್ಯಾಚ್ ಎನ್ನುತ್ತಾರೆ. ತಂತ್ರಾಂಶ ಲೋಕದಲ್ಲೂ ಅದೇ ಪದ, ಅದೇ ಅರ್ಥ. ಲಕ್ಷಾಂತರ ಸಾಲುಗಳ ತಂತ್ರಾಂಶದಲ್ಲಿ ತಪ್ಪು ಉಳಿಯುವುದು ಸಹಜ. ತಪ್ಪು ಪತ್ತೆಯಾದಾಗ ತಯಾರಕರು ಆ ಭಾಗವನ್ನಷ್ಟೇ ಬದಲಿಸುವ ತುಂಡೊಂದನ್ನು ಕಳುಹಿಸುತ್ತಾರೆ. ಹೊಸ ಸೌಲಭ್ಯ ಕೊಡುವ ಅಪ್‌ಡೇಟ್ ಬೇರೆ, ರಂಧ್ರ ಮುಚ್ಚುವ ಭದ್ರತಾ ಅಪ್‌ಡೇಟ್ ಬೇರೆ. ಮೊದಲನೆಯದನ್ನು ತಡಮಾಡಿದರೆ ನಷ್ಟವಿಲ್ಲ.

ಎರಡನೆಯದರಲ್ಲಿ ಒಂದು ವಿಚಿತ್ರವಿದೆ. ತೇಪೆ ಬಿಡುಗಡೆಯಾದ ದಿನವೇ ರಂಧ್ರ ಎಲ್ಲಿತ್ತು ಎಂಬುದು ಕಳ್ಳರಿಗೂ ತಿಳಿಯುತ್ತದೆ. ಹಳೆಯ ಮತ್ತು ಹೊಸ ತಂತ್ರಾಂಶವನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ ಸಾಕು. ಆದ್ದರಿಂದ ತೇಪೆ ಬಂದ ಮೇಲೆ ಹಾಕದೆ ಉಳಿದವರ ಅಪಾಯ ಮೊದಲಿಗಿಂತ ಹೆಚ್ಚು. 2003ರ ಜನವರಿ 25ರಂದು ಜಗತ್ತಿನ ಅಂತರ್ಜಾಲವನ್ನು ಕೆಲವೇ ನಿಮಿಷಗಳಲ್ಲಿ ಕಂಗೆಡಿಸಿದ ‘ಸ್ಲ್ಯಾಮರ್’ ಹುಳುವಿಗೆ ಮದ್ದು 2002ರ ಜುಲೈನಲ್ಲೇ ಬಂದಿತ್ತು. 2017ರ ಮೇ 12ರ ‘ವನ್ನಾಕ್ರೈ’ ದಾಳಿಗೆ 59 ದಿನ ಮೊದಲೇ, ಮಾರ್ಚ್ 14ರಂದು, ಮೈಕ್ರೋಸಾಫ್ಟ್ ತೇಪೆ ಕಳುಹಿಸಿತ್ತು. ಇಪ್ಪತ್ತು ವರ್ಷಗಳ ಅಂತರದಲ್ಲಿ ನಡೆದ ಈ ಪ್ರಕರಣಗಳಲ್ಲಿ ಮದ್ದಿಗೆ ಕೊರತೆ ಇರಲಿಲ್ಲ.

ಐದು ತಾಲ್ಲೂಕುಗಳ ಚಿತ್ರ

ಚಿಕ್ಕೋಡಿ ಉಪವಿಭಾಗದ ಸುತ್ತಲಿನ ಈ ಪ್ರದೇಶ ಸಹಕಾರ ಮತ್ತು ಸಕ್ಕರೆಯ ನಾಡು. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರುಂಡ ಕಬ್ಬು, ನಿಪ್ಪಾಣಿಯ ತಂಬಾಕು, ಅಥಣಿ ಕಡೆಯ ಚರ್ಮದ ಪಾದರಕ್ಷೆ, ಇವುಗಳ ಹಣವೆಲ್ಲ ಹರಿದಾಡುವುದು ಅರ್ಬನ್ ಬ್ಯಾಂಕು, ಡಿಸಿಸಿ ಬ್ಯಾಂಕಿನ ಶಾಖೆ, ಸೌಹಾರ್ದ ಪತ್ತಿನ ಸಂಘ ಮತ್ತು ಗ್ರಾಮದ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಮೂಲಕ. ಕಾಗವಾಡ ತಾಲ್ಲೂಕಿನ ಉಗಾರ ಖುರ್ದದ ಸಕ್ಕರೆ ಕಾರ್ಖಾನೆ 1939ರಷ್ಟು ಹಿಂದಿನದು. ಇಂದು ಕಾರ್ಖಾನೆಯ ಕಾಟಾದ ಮೇಲೆ ಟ್ರ್ಯಾಕ್ಟರ್ ನಿಂತೊಡನೆ ಕಬ್ಬಿನ ತೂಕ ಕಂಪ್ಯೂಟರಿಗೆ ಹೋಗುತ್ತದೆ, ಬಿಲ್ಲು ಅಲ್ಲಿಂದಲೇ ಹುಟ್ಟುತ್ತದೆ.

ಸರ್ಕಾರಿ ಕಚೇರಿಗಳ ಸರ್ವರ್ ಹಾದಿ ಬೇರೆಯದೇ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆ ಪಹಣಿಗಳನ್ನು ಗಣಕೀಕರಿಸಿದಾಗ ರಾಜ್ಯದ 177 ತಾಲ್ಲೂಕುಗಳಲ್ಲಿ ಆಯಾ ತಹಸೀಲ್ದಾರ್ ಕಚೇರಿಯಲ್ಲೇ ಯಂತ್ರಗಳಿದ್ದವು. ಚಿಕ್ಕೋಡಿ, ರಾಯಬಾಗ, ಅಥಣಿ ಆಗಲೇ ತಾಲ್ಲೂಕುಗಳು. ಬಳಿಕ ದತ್ತಾಂಶ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರ ಸೇರಿತು. ಚಿಕ್ಕೋಡಿಯಿಂದ ನಿಪ್ಪಾಣಿ, ಅಥಣಿಯಿಂದ ಕಾಗವಾಡ ಪ್ರತ್ಯೇಕ ತಾಲ್ಲೂಕುಗಳಾಗಿ 2017-18ರ ಬಜೆಟ್‌ನಲ್ಲಿ ಘೋಷಣೆಯಾಗುವ ಹೊತ್ತಿಗೆ ತಾಲ್ಲೂಕಿಗೊಂದು ಸರ್ವರ್ ಎಂಬ ಕಾಲವೇ ಮುಗಿದಿತ್ತು. ತೇಪೆ ಹಾಕುವ ಹೊಣೆಯೂ ಅದರೊಂದಿಗೆ ಬೆಂಗಳೂರಿಗೆ ಹೋಯಿತು. ತಾಲ್ಲೂಕು ಕಚೇರಿಗೆ ಉಳಿದದ್ದು ಮೇಜಿನ ಮೇಲಿನ ಕಂಪ್ಯೂಟರ್, ಮತ್ತು ಅದಕ್ಕೂ ಅಪ್‌ಡೇಟ್ ಬೇಕು.

ಗ್ರಾಮ ಮಟ್ಟದಲ್ಲೂ ಬದಲಾವಣೆ ನಡೆದಿದೆ. 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು 2,516 ಕೋಟಿ ರೂಪಾಯಿ ವೆಚ್ಚದಲ್ಲಿ ಗಣಕೀಕರಿಸಿ ಒಂದೇ ತಂತ್ರಾಂಶದಡಿ ತರುವ ಯೋಜನೆಗೆ ಕೇಂದ್ರ ಸಂಪುಟ ಸಮಿತಿ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಒಂದೇ ತಂತ್ರಾಂಶವಾದರೆ ತೇಪೆ ಒಂದೆಡೆ ಹಾಕಿದರೆ ಸಾಕು. ತಪ್ಪಿದರೆ ಎಲ್ಲರಿಗೂ ಒಟ್ಟಿಗೇ ತಪ್ಪುತ್ತದೆ ಎಂಬುದೂ ಅಷ್ಟೇ ನಿಜ. ಸಿ-ಎಡ್ಜ್ ಪ್ರಕರಣದಲ್ಲಿ ಆದದ್ದು ಅದೇ.

ಡೆಡ್ ಸ್ಟಾಕ್ ಪುಸ್ತಕದಲ್ಲಿ ಇಲ್ಲದ್ದು

ಸಹಕಾರಿ ಸಂಘಗಳಿಗೆ ಪುಸ್ತಕ ಇಡುವುದನ್ನು ಯಾರೂ ಕಲಿಸಬೇಕಿಲ್ಲ. ಕಿರ್ದಿ ಬರೆದು ಖತಾವಣಿಗೆ ಎತ್ತುವುದು ಈ ಭಾಗದಲ್ಲಿ ತಲೆಮಾರುಗಳ ಅಭ್ಯಾಸ. ಕುರ್ಚಿ, ಕಪಾಟು, ತಿಜೋರಿಗಳೆಲ್ಲ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಬೆಲೆ ಸಹಿತ ದಾಖಲಾಗುತ್ತವೆ. ಸರ್ವರ್ ಕೂಡ ಅಲ್ಲೇ ‘ಕಂಪ್ಯೂಟರ್, ನಗ 1’ ಎಂದು ಸೇರುತ್ತದೆ. ಲೆಕ್ಕ ಪರಿಶೋಧಕರು ಬಂದು ನಗ ಎಣಿಸಿ, ಸವಕಳಿ ಕಳೆದು ಹೋಗುತ್ತಾರೆ. ಆ ‘ನಗ 1’ರ ಒಳಗೆ ಯಾವ ಕಾರ್ಯಾಚರಣ ವ್ಯವಸ್ಥೆ ಇದೆ, ಯಾವ ದತ್ತಸಂಚಯ ಇದೆ, ಅವುಗಳ ಆವೃತ್ತಿ ಎಷ್ಟನೆಯದು, ಅವಕ್ಕೆ ಬೆಂಬಲ ಮುಗಿಯುವ ದಿನ ಯಾವುದು ಎಂಬುದಕ್ಕೆ ಆ ಪುಸ್ತಕದಲ್ಲಿ ಕಾಲಮೇ ಇಲ್ಲ.

ಅಪ್‌ಡೇಟ್‌ಗಳ ಜಾಡು ಹಿಡಿಯುವ ಕೆಲಸ ಆರಂಭವಾಗಬೇಕಾದದ್ದು ಇಲ್ಲಿಂದ. ದಿನವೂ ಬರುವ ಎಚ್ಚರಿಕೆಗಳನ್ನು ಓದುವುದು ಆಮೇಲಿನ ಮಾತು. ತನ್ನಲ್ಲಿ ಏನಿದೆ ಎಂದು ಗೊತ್ತಿಲ್ಲದವನಿಗೆ ಯಾವ ಎಚ್ಚರಿಕೆ ತನ್ನದು ಎಂದು ತಿಳಿಯುವುದು ಹೇಗೆ? ಯಂತ್ರದ ಹೆಸರು, ಅದು ಇರುವ ಜಾಗ, ಅದರೊಳಗಿನ ಪ್ರತಿ ತಂತ್ರಾಂಶ ಮತ್ತು ಆವೃತ್ತಿ, ಅಂತರ್ಜಾಲದಿಂದ ನೇರವಾಗಿ ತಲುಪಬಹುದೇ ಇಲ್ಲವೇ, ತೇಪೆ ಹಾಕುವ ಹೊಣೆ ಯಾರದು, ಕೊನೆಯ ತೇಪೆ ಹಾಕಿದ ದಿನ. ಒಂದು ಸಾಮಾನ್ಯ ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ ಬರೆದರೂ ಆದೀತು. ದುಬಾರಿ ತಂತ್ರಾಂಶ ಕೊಳ್ಳಬೇಕೆಂದೇನಿಲ್ಲ. ರೂಟರ್, ಫೈರ್‌ವಾಲ್, ಸಿಸಿ ಕ್ಯಾಮೆರಾದ ಪೆಟ್ಟಿಗೆ ಇವುಗಳೊಳಗೂ ತಂತ್ರಾಂಶ ಇದೆ ಎಂಬುದನ್ನು ಮರೆಯುವವರೇ ಹೆಚ್ಚು.

ಹೊಣೆಗಾರರ ಕಾಲಮ್ಮು ಎಲ್ಲಕ್ಕಿಂತ ಮುಖ್ಯ. ಅಮೆರಿಕದ ಈಕ್ವಿಫ್ಯಾಕ್ಸ್ ಸಂಸ್ಥೆಯಲ್ಲಿ 2017ರಲ್ಲಿ 14 ಕೋಟಿಗೂ ಹೆಚ್ಚು ಜನರ ಮಾಹಿತಿ ಕಳುವಾಯಿತು. ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶದ ದೋಷಕ್ಕೆ ಮಾರ್ಚ್‌ನಲ್ಲೇ ತೇಪೆ ಬಂದಿತ್ತು. ಕೂಡಲೇ ಹಾಕುವಂತೆ ಸಂಸ್ಥೆಯೊಳಗೆ ಇ-ಮೇಲ್ ಕೂಡ ಹೋಗಿತ್ತು. ಅಮೆರಿಕ ಸರ್ಕಾರದ ಲೆಕ್ಕ ಪರಿಶೋಧನಾ ಸಂಸ್ಥೆ ಕಂಡುಕೊಂಡಂತೆ, ಆ ಇ-ಮೇಲ್ ಪಟ್ಟಿ ಹಳೆಯದಾಗಿತ್ತು. ತೇಪೆ ಹಾಕಬೇಕಾದವರ ಹೆಸರೇ ಅದರಲ್ಲಿರಲಿಲ್ಲ. ಅಷ್ಟು ದೊಡ್ಡ ಸಂಸ್ಥೆಯ ಕಥೆ ಇದು. ಇಬ್ಬರು ಗುಮಾಸ್ತರಿರುವ ಪತ್ತಿನ ಸಂಘದಲ್ಲಿ ಎಚ್ಚರಿಕೆಯ ಇ-ಮೇಲ್ ಹೋಗುವುದು ಕೆಲಸ ಬಿಟ್ಟುಹೋದ ಹುಡುಗನ ವಿಳಾಸಕ್ಕಾದರೆ ಆಶ್ಚರ್ಯವಿಲ್ಲ.

ಪಟ್ಟಿಯಲ್ಲೂ ಕಾಣದ ತಂತ್ರಾಂಶ ಇರುತ್ತದೆ. 2021ರ ಡಿಸೆಂಬರ್‌ನಲ್ಲಿ ಬಯಲಾದ ‘ಲಾಗ್4ಶೆಲ್’ ದೋಷ ಇದ್ದದ್ದು ಲಾಗ್4ಜೆ ಎಂಬ ಸಣ್ಣ ತುಣುಕಿನಲ್ಲಿ. ಜಾವಾ ಭಾಷೆಯಲ್ಲಿ ಬರೆದ ಸಾವಿರಾರು ತಂತ್ರಾಂಶಗಳೊಳಗೆ ಅದು ಅಡಗಿ ಕುಳಿತಿತ್ತು. ಕೊಂಡವರಿಗೆ ಗೊತ್ತಿಲ್ಲ, ಅನೇಕ ವೇಳೆ ಮಾರಿದವರಿಗೂ ಗೊತ್ತಿಲ್ಲ. ಅದರ ತೇಪೆಯೂ ಒಂದೇ ಸಲಕ್ಕೆ ಸರಿಹೋಗಲಿಲ್ಲ. ಡಿಸೆಂಬರ್ ಮುಗಿಯುವುದರೊಳಗೆ 2.15ರಿಂದ 2.17.1ರವರೆಗೆ ನಾಲ್ಕು ಆವೃತ್ತಿಗಳು ಬಂದವು. ಮೊದಲನೆಯದನ್ನು ಹಾಕಿ ನಿರಾಳವಾದವರು ಮತ್ತೆ ಎದ್ದು ಕೂರಬೇಕಾಯಿತು. ಬಿಸ್ಕತ್ತಿನ ಪೊಟ್ಟಣದ ಮೇಲೆ ಇರುವಂತೆ ತಂತ್ರಾಂಶಕ್ಕೂ ಪದಾರ್ಥಗಳ ಪಟ್ಟಿ ಇರಬೇಕೆಂಬ ಮಾತು ಇದರ ನಂತರ ಬಲಗೊಂಡಿತು. ಭಾರತದಲ್ಲಿ ಅಂತಹ ಪಟ್ಟಿಗೆ ಮಾರ್ಗಸೂಚಿಯನ್ನು ಸರ್ಟ್-ಇನ್ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಹೊರಡಿಸಿತು. ತಂತ್ರಾಂಶ ಕೊಳ್ಳುವ ಸಂಘವೊಂದು ಮಾರಾಟಗಾರನಿಂದ ಈ ಪಟ್ಟಿ ಕೇಳಿದರೆ ತಪ್ಪೇನೂ ಇಲ್ಲ.

ಸುದ್ದಿ ಎಲ್ಲಿಂದ?

ಸರ್ಟ್-ಇನ್ ಎಂಬುದು ದೇಶದ ಕಂಪ್ಯೂಟರ್ ತುರ್ತು ಸ್ಪಂದನಾ ತಂಡ. 2004ರಿಂದ ಕಾರ್ಯನಿರ್ವಹಿಸುತ್ತಿರುವ ಈ ಸಂಸ್ಥೆ ದೋಷಗಳ ಬಗ್ಗೆ ಟಿಪ್ಪಣಿ ಮತ್ತು ಸಲಹೆಗಳನ್ನು ಕ್ರಮಸಂಖ್ಯೆ ಹಾಕಿ ಪ್ರಕಟಿಸುತ್ತದೆ. ಯಾವ ತಂತ್ರಾಂಶ, ಯಾವ ಆವೃತ್ತಿ, ತೀವ್ರತೆ ಎಷ್ಟು, ಪರಿಹಾರ ಏನು ಎಂಬುದೆಲ್ಲ ಅದರಲ್ಲಿರುತ್ತದೆ. ತಯಾರಕರ ಪ್ರಕಟಣೆ ಇದಕ್ಕಿಂತಲೂ ಬೇಗ ಬರುತ್ತದೆ. ಮೈಕ್ರೋಸಾಫ್ಟ್ 2003ರ ಅಕ್ಟೋಬರ್‌ನಿಂದ ಪ್ರತಿ ತಿಂಗಳ ಎರಡನೇ ಮಂಗಳವಾರ ತೇಪೆಗಳನ್ನು ಒಟ್ಟಾಗಿ ಬಿಡುವ ಪದ್ಧತಿ ಇಟ್ಟುಕೊಂಡಿದೆ. ಭಾರತದ ಗಡಿಯಾರಕ್ಕೆ ಅದು ಮಂಗಳವಾರ ರಾತ್ರಿ. ಡೆಬಿಯನ್, ಉಬುಂಟು, ರೆಡ್ ಹ್ಯಾಟ್ ಮುಂತಾದ ಲಿನಕ್ಸ್ ಬಳಗಗಳಿಗೆ ಇಂತಹ ನಿಗದಿತ ವಾರವಿಲ್ಲ, ಸಿದ್ಧವಾದಾಗ ಬಿಡುತ್ತವೆ.

ಎಲ್ಲ ದೋಷಗಳಿಗೂ ಸಿವಿಇ ಎಂಬ ಜಾಗತಿಕ ಕ್ರಮಸಂಖ್ಯೆ ಕೊಡುವ ಪದ್ಧತಿ 1999ರಲ್ಲಿ ಆರಂಭವಾಯಿತು. 2024ರೊಂದರಲ್ಲೇ ಸುಮಾರು 40 ಸಾವಿರ ಸಂಖ್ಯೆಗಳು ಸೇರಿದವು. 2025ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರದ ಹಣಕಾಸು ಒಪ್ಪಂದ ಮುಗಿಯಲಿದ್ದ ಕಾರಣ ಈ ಪದ್ಧತಿಯೇ ನಿಲ್ಲುವ ಭೀತಿ ಎದುರಾಗಿ, ಕಡೆಯ ಗಳಿಗೆಯಲ್ಲಿ 11 ತಿಂಗಳ ವಿಸ್ತರಣೆ ಸಿಕ್ಕಿತು. ಇಡೀ ಜಗತ್ತಿನ ದೋಷಗಳ ಖಾತೆ ಪುಸ್ತಕ ಒಂದು ದೇಶದ ಒಂದು ಗುತ್ತಿಗೆಯ ಮೇಲೆ ನಿಂತಿದೆ ಎಂಬುದು ಆಗ ಹಲವರಿಗೆ ಹೊಳೆಯಿತು.

40 ಸಾವಿರವನ್ನು ಯಾರೂ ಓದಲಾರರು, ಓದಬೇಕಾಗಿಯೂ ಇಲ್ಲ. ತನ್ನ ಪಟ್ಟಿಯಲ್ಲಿರುವ ಹತ್ತಿಪ್ಪತ್ತು ತಂತ್ರಾಂಶಗಳ ಪ್ರಕಟಣೆ ಮಾತ್ರ ತರಿಸಿಕೊಂಡರೆ ಸಾಕು. ಅದರಲ್ಲೂ ಮೊದಲು ನೋಡಬೇಕಾದದ್ದು ಅಂತರ್ಜಾಲಕ್ಕೆ ಮುಖ ಮಾಡಿ ನಿಂತ ಯಂತ್ರಗಳನ್ನು. ಸೊನ್ನೆಯಿಂದ ಹತ್ತರವರೆಗೆ ತೀವ್ರತೆಯ ಅಂಕ ಕೊಡುವ ವ್ಯವಸ್ಥೆ ಇದೆಯಾದರೂ, ಒಳಕೋಣೆಯ ಯಂತ್ರದ ಒಂಬತ್ತಕ್ಕಿಂತ ಬೀದಿಗೆ ತೆರೆದ ಯಂತ್ರದ ಏಳು ಹೆಚ್ಚು ಅಪಾಯಕಾರಿ ಆಗಬಹುದು. ಕಳ್ಳರು ವಾಸ್ತವವಾಗಿ ಬಳಸುತ್ತಿರುವ ದೋಷಗಳ ಪಟ್ಟಿಯೊಂದನ್ನು ಅಮೆರಿಕದ ಸೀಸಾ ಸಂಸ್ಥೆ 2021ರ ನವೆಂಬರ್‌ನಿಂದ ಪ್ರಕಟಿಸುತ್ತಿದೆ. ಉಪಯುಕ್ತವಾದ ಪಟ್ಟಿ, ಸಂದೇಹವಿಲ್ಲ. ಆದರೆ ಜೆಂಕಿನ್ಸ್ ದೋಷ ಅದರಲ್ಲಿ ಸೇರಿದ್ದು 2024ರ ಆಗಸ್ಟ್ 19ರಂದು, ನಮ್ಮ ಬ್ಯಾಂಕುಗಳ ಪಾವತಿ ನಿಂತು ಹತ್ತೊಂಬತ್ತು ದಿನಗಳಾದ ಮೇಲೆ. ಆ ಪಟ್ಟಿಯೊಂದನ್ನೇ ನಂಬಿ ಕುಳಿತವರಿಗೆ ಅಷ್ಟು ತಡವಾಗುತ್ತಿತ್ತು.

ಆವೃತ್ತಿ ಸಂಖ್ಯೆ ನೋಡಿ ತೀರ್ಮಾನಿಸುವವರು ಒಂದು ಸೂಕ್ಷ್ಮ ತಿಳಿದಿರಬೇಕು. ಡೆಬಿಯನ್ ಮತ್ತು ರೆಡ್ ಹ್ಯಾಟ್ ಬಳಗಗಳು ಹೊಸ ಆವೃತ್ತಿ ಕೊಡುವ ಬದಲು ಹಳೆಯ ಆವೃತ್ತಿಗೇ ತೇಪೆ ಹೊಲಿದು ಕೊಡುತ್ತವೆ. ಮೂಲ ಸಂಖ್ಯೆ ಬದಲಾಗುವುದಿಲ್ಲ, ಬಾಲದ ಅಂಕಿ ಮಾತ್ರ ಬದಲಾಗುತ್ತದೆ. ಹೊರಗಿನಿಂದ ಪರೀಕ್ಷಿಸುವ ಸಾಧನಗಳು ಇದನ್ನು ಗುರುತಿಸದೆ ‘ಅಪಾಯ’ ಎಂದು ಕೆಂಪು ಗುರುತು ಹಾಕುವುದುಂಟು. ಲೆಕ್ಕ ಪರಿಶೋಧಕರಿಗೂ ಸೇವಾ ಕಂಪೆನಿಗೂ ಜಗಳ ಹುಟ್ಟುವುದು ಇಂತಲ್ಲಿ. ಆಯಾ ಬಳಗದ ಸ್ವಂತ ಪ್ರಕಟಣೆಯೊಂದಿಗೆ ಹೋಲಿಸಿದರೆ ಜಗಳ ಬಗೆಹರಿಯುತ್ತದೆ.

ಹಂಗಾಮಿನ ನಡುವೆ ಯಂತ್ರ ನಿಲ್ಲಿಸುವುದು ಹೇಗೆ?

ತೇಪೆ ಬಂದದ್ದು ಗೊತ್ತಾದರೂ ಹಾಕದಿರುವುದಕ್ಕೆ ಸೋಮಾರಿತನವೇ ಕಾರಣ ಎನ್ನುವುದು ಅನ್ಯಾಯ. ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆಯ ಗೇಟಿನ ಮುಂದೆ ಹಗಲು ರಾತ್ರಿ ಟ್ರ್ಯಾಕ್ಟರುಗಳ ಸಾಲು ನಿಂತಿರುತ್ತದೆ. ಕಾಟಾದ ಸರ್ವರ್ ಅರ್ಧ ಗಂಟೆ ನಿಂತರೂ ಕಬ್ಬು ಒಣಗುತ್ತದೆ, ರೈತ ಕೂಗುತ್ತಾನೆ. ಬ್ಯಾಂಕುಗಳಿಗೆ ಮಾರ್ಚ್ 31ರ ವರ್ಷಾಂತ್ಯದ ಹೊತ್ತು ಹಾಗೆಯೇ. ಅಪ್‌ಡೇಟ್ ಆಗುವಾಗ ವಿದ್ಯುತ್ ಕೈಕೊಟ್ಟರೆ ಯಂತ್ರವೇ ಏಳದಿರುವ ಭಯ ಬೇರೆ.

ತೇಪೆಯೇ ತೊಂದರೆ ಕೊಟ್ಟ ಉದಾಹರಣೆಗೂ ಬರವಿಲ್ಲ. ಸಿ-ಎಡ್ಜ್ ಘಟನೆಗೆ ಕೇವಲ ಹನ್ನೆರಡು ದಿನ ಮೊದಲು, 2024ರ ಜುಲೈ 19ರಂದು, ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪೆನಿ ಕಳುಹಿಸಿದ ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಡಲಾಯಿತು. ದೇಶದ 10 ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳಿಗೆ ಅಲ್ಪಸ್ವಲ್ಪ ತೊಂದರೆಯಾಯಿತೆಂದು ರಿಸರ್ವ್ ಬ್ಯಾಂಕ್ ಹೇಳಿತು. 2025ರ ಅಕ್ಟೋಬರ್‌ನಲ್ಲಂತೂ, ಕಚೇರಿಯ ಇತರ ಯಂತ್ರಗಳಿಗೆ ತೇಪೆ ಹಂಚುವ ಮೈಕ್ರೋಸಾಫ್ಟ್‌ನ ಡಬ್ಲ್ಯುಎಸ್‌ಯುಎಸ್ ಎಂಬ ಸರ್ವರ್‌ನಲ್ಲೇ ಗಂಭೀರ ದೋಷ ಕಂಡುಬಂದಿತು. 14ರಂದು ಬಂದ ತೇಪೆ ಸಾಲದೆ 23ರಂದು ಇನ್ನೊಂದನ್ನು ತುರ್ತಾಗಿ ಕಳುಹಿಸಬೇಕಾಯಿತು.

ಒಂದೇ ತಿಂಗಳ ಒಂದು ಘಟನೆ ಪರೀಕ್ಷಿಸದೆ ಹರಡಿದ ಅಪ್‌ಡೇಟ್‌ನಿಂದ, ಇನ್ನೊಂದು ಹಾಕದೆ ಬಿಟ್ಟ ತೇಪೆಯಿಂದ. ಎರಡಕ್ಕೂ ನಡುವಿನ ದಾರಿ ಅನುಭವಸ್ಥರಿಗೆ ಗೊತ್ತಿರುವುದೇ. ಬ್ಯಾಕಪ್ ತೆಗೆದು, ಅದು ಮರಳಿ ಬರುತ್ತದೆಂದು ಪರೀಕ್ಷಿಸಿ, ಮೊದಲು ಮುಖ್ಯವಲ್ಲದ ಒಂದು ಯಂತ್ರಕ್ಕೆ ತೇಪೆ ಹಾಕಿ, ಒಂದೆರಡು ದಿನ ನೋಡಿ, ನಂತರ ಉಳಿದವಕ್ಕೆ ಹಾಕುವುದು. ಸಂತೆಯ ದಿನ, ಪಗಾರದ ದಿನ ಬಿಟ್ಟು ತಿಂಗಳಿಗೊಂದು ರಾತ್ರಿಯನ್ನು ಇದಕ್ಕೆಂದೇ ಮೀಸಲಿಡುವುದು. ತಿಂಗಳವರೆಗೆ ಕಾಯಲಾಗದ ತುರ್ತು ತೇಪೆ ಬಂದರೆ ಯಂತ್ರ ನಿಲ್ಲಿಸುವ ಅಧಿಕಾರ ಯಾರಿಗೆ ಎಂಬುದನ್ನು ಆಡಳಿತ ಮಂಡಳಿ ಮೊದಲೇ ಠರಾವು ಮಾಡಿಡುವುದು. ನಿಲ್ಲಿಸಲು ಸಾಧ್ಯವೇ ಇಲ್ಲದ ಯಂತ್ರವಾದರೆ, ತೇಪೆ ಹಾಕುವವರೆಗೆ ಅದನ್ನು ಅಂತರ್ಜಾಲದಿಂದ ಬೇರ್ಪಡಿಸಿ ಇಡಬಹುದು. ಲಾಗ್4ಶೆಲ್ ಬಯಲಾದದ್ದು ಡಿಸೆಂಬರ್‌ನಲ್ಲಿ, ಕಬ್ಬು ನುರಿಸುವ ಭರಾಟೆಯ ನಡುವೆ.

ಹಾಕಿದೆ ಎಂದು ಬರೆದರೆ ಮುಗಿಯಲಿಲ್ಲ. ಲಿನಕ್ಸ್ ಯಂತ್ರದಲ್ಲಿ ಹೊಸ ಕಡತ ಡಿಸ್ಕಿಗೆ ಬಂದಿದ್ದರೂ, ಮೊದಲೇ ಓಡುತ್ತಿರುವ ತಂತ್ರಾಂಶ ಹಳೆಯದನ್ನೇ ನೆನಪಿನಲ್ಲಿಟ್ಟುಕೊಂಡು ಓಡುತ್ತಿರುತ್ತದೆ. ಸೇವೆಯನ್ನೋ ಇಡೀ ಯಂತ್ರವನ್ನೋ ಒಮ್ಮೆ ನಿಲ್ಲಿಸಿ ಎಬ್ಬಿಸದೆ ತೇಪೆ ಅಂಟುವುದಿಲ್ಲ. ‘ನಮ್ಮ ಸರ್ವರ್ ನಾಲ್ಕುನೂರು ದಿನದಿಂದ ಒಮ್ಮೆಯೂ ಬಂದ್ ಆಗಿಲ್ಲ’ ಎಂದು ಹೆಮ್ಮೆ ಪಡುವವರು ಇದನ್ನು ಎರಡು ಸಲ ಯೋಚಿಸಬೇಕು.

ನಿಯಮ ಯಾರಿಗೆ, ಯಾರಿಗಿಲ್ಲ

ಕಾಸ್ಮೋಸ್ ಘಟನೆಯ ಎರಡು ತಿಂಗಳ ನಂತರ, 2018ರ ಅಕ್ಟೋಬರ್ 19ರಂದು, ರಿಸರ್ವ್ ಬ್ಯಾಂಕ್ ನಗರ ಸಹಕಾರಿ ಬ್ಯಾಂಕುಗಳಿಗೆ ಸೈಬರ್ ಭದ್ರತೆಯ ಮೂಲ ಚೌಕಟ್ಟನ್ನು ಹೊರಡಿಸಿತು. ಯಂತ್ರ ಮತ್ತು ತಂತ್ರಾಂಶಗಳ ಪಟ್ಟಿ ಇಡಬೇಕು, ಸರ್ವರ್‌ಗಳ ತೇಪೆಗಳ ಸ್ಥಿತಿಯ ಮೇಲೆ ನಿಗಾ ಇಡಬೇಕು ಎಂಬುದು ಅದರಲ್ಲಿತ್ತು. 2019ರ ಡಿಸೆಂಬರ್ 31ರ ಸುತ್ತೋಲೆ ಬ್ಯಾಂಕುಗಳನ್ನು ಅವುಗಳ ಡಿಜಿಟಲ್ ವ್ಯವಹಾರದ ಆಳಕ್ಕೆ ತಕ್ಕಂತೆ ನಾಲ್ಕು ಹಂತಗಳಾಗಿ ವಿಂಗಡಿಸಿತು. ಸ್ವಂತ ದತ್ತಾಂಶ ಕೇಂದ್ರ ಇಟ್ಟುಕೊಂಡು ಇತರ ಬ್ಯಾಂಕುಗಳಿಗೂ ತಂತ್ರಾಂಶ ಸೇವೆ ಕೊಡುವವು ಮೇಲಿನ ಹಂತದಲ್ಲಿ ಬಂದವು. ಹೊರಗುತ್ತಿಗೆಗೆ ಸಂಬಂಧಿಸಿದ 2023ರ ಏಪ್ರಿಲ್ ನಿರ್ದೇಶನ, ನಗರ ಸಹಕಾರಿ ಬ್ಯಾಂಕುಗಳಲ್ಲಿ ಕೆಳಗಿನ ಎರಡು ಶ್ರೇಣಿಯ ಸಣ್ಣವನ್ನು ಹೊರಗಿಟ್ಟಿತು. ಹೊರಗಿನವರನ್ನೇ ಹೆಚ್ಚು ನೆಚ್ಚಬೇಕಾದವು ಅವೇ ಎಂಬುದು ಗಮನಾರ್ಹ. ಡಿಸಿಸಿ ಬ್ಯಾಂಕುಗಳ ಮೇಲ್ವಿಚಾರಣೆ ನಬಾರ್ಡ್‌ನದು.

ಸೌಹಾರ್ದ ಪತ್ತಿನ ಸಂಘಗಳ ಮಾತು ಬೇರೆ. 1997ರ ಸೌಹಾರ್ದ ಸಹಕಾರಿ ಕಾಯ್ದೆಯಡಿ ನೋಂದಣಿಯಾದ ಇವು ಠೇವಣಿ ಪಡೆದರೂ ಬ್ಯಾಂಕಿಂಗ್ ಪರವಾನಗಿ ಹೊಂದಿದವಲ್ಲ. ರಿಸರ್ವ್ ಬ್ಯಾಂಕಿನ ಈ ಸುತ್ತೋಲೆಗಳು ಅವಕ್ಕೆ ಅನ್ವಯಿಸಲಿಲ್ಲ, ಬ್ಯಾಂಕ್ ಠೇವಣಿಗಿರುವ ಐದು ಲಕ್ಷ ರೂಪಾಯಿವರೆಗಿನ ವಿಮೆಯೂ ಅವುಗಳ ಠೇವಣಿದಾರರಿಗಿಲ್ಲ. ಆದರೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಸೇವಾ ಕಂಪೆನಿ, ದತ್ತಾಂಶ ಕೇಂದ್ರ, ಸಂಸ್ಥೆ, ಸರ್ಕಾರಿ ಕಚೇರಿ ಎಂಬ ಭೇದವಿಲ್ಲದೆ ಬರೆದದ್ದು. ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, ಯಂತ್ರದ ದಾಖಲೆಗಳನ್ನು 180 ದಿನ ಇಡಬೇಕು ಎಂದು ಅದು ಹೇಳಿತು.

ಹಾಗಾಗಿ ಉಳಿಯುವುದು ಒಪ್ಪಂದ. ಸೇವಾ ಕಂಪೆನಿ ಬೆಳಗಾವಿಯಲ್ಲಿರಲಿ, ಸಾಂಗಲಿಯಲ್ಲಿರಲಿ, ಪುಣೆಯಲ್ಲಿರಲಿ, ವಾರ್ಷಿಕ ನಿರ್ವಹಣಾ ಕರಾರಿನಲ್ಲಿ ‘ತೇಪೆ ಹಾಕುವುದು ಯಾರ ಹೊಣೆ, ಎಷ್ಟು ದಿನದೊಳಗೆ’ ಎಂಬ ಸಾಲು ಇದೆಯೇ ಎಂದು ನೋಡಬೇಕು. ಪ್ರಿಂಟರ್ ರಿಪೇರಿಗೆ ಎಷ್ಟು ಗಂಟೆಯಲ್ಲಿ ಬರಬೇಕು ಎಂದು ಕರಾರಿನಲ್ಲಿ ಬರೆಸುವವರು ಇದನ್ನೂ ಬರೆಸಬಹುದು. ಕಂಪೆನಿ ತನ್ನ ಕೆಲಸವನ್ನು ಬೇರೊಬ್ಬರಿಗೆ ಒಪ್ಪಿಸಿದ್ದರೆ ಅವರ ಹೆಸರೂ ಕರಾರಿನಲ್ಲಿ ಬರಬೇಕು. ಪ್ರತಿ ತಿಂಗಳು ಒಂದು ಪುಟದ ವರದಿ, ಅದರಲ್ಲಿ ಬಂದ ತೇಪೆ, ಹಾಕಿದ ತೇಪೆ, ಬಾಕಿ ಉಳಿದದ್ದು ಮತ್ತು ಬಾಕಿಗೆ ಕಾರಣ, ಇಷ್ಟಿದ್ದರೆ ಆಡಳಿತ ಮಂಡಳಿಯ ಸಭೆಯಲ್ಲಿ ಸಾಲ ಬಾಕಿಯ ಪಟ್ಟಿಯ ಜೊತೆಗೆ ಇದನ್ನೂ ಓದಬಹುದು. ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ಲಾಭಾಂಶ ಕೇಳುವ ಸದಸ್ಯರಿಗೆ ಈ ಪುಟ ಕೇಳುವ ಹಕ್ಕೂ ಇದೆ.

ಪುಸ್ತಕ ಬರೆಯಲು ಕೂರುವವರು ಮೊದಲು ತುಂಬಬೇಕಾದದ್ದು ಬೆಂಬಲ ಮುಗಿದ ದಿನದ ಕಾಲಮ್ಮನ್ನು. ಬೆಂಬಲ ಮುಗಿದ ತಂತ್ರಾಂಶಕ್ಕೆ ಸಾಮಾನ್ಯವಾಗಿ ತೇಪೆಯೇ ಬರುವುದಿಲ್ಲ, ಬಂದರೂ ಬೇರೆ ಹಣ ತೆರಬೇಕು. ವಿಂಡೋಸ್ ಸರ್ವರ್ 2008ರ ಬೆಂಬಲ 2020ರ ಜನವರಿ 14ಕ್ಕೆ, ಸರ್ವರ್ 2012ರದು 2023ರ ಅಕ್ಟೋಬರ್ 10ಕ್ಕೆ ಮುಗಿಯಿತು. ಉಚಿತವೆಂದು ಸಣ್ಣ ಕಂಪೆನಿಗಳು ಹೆಚ್ಚಾಗಿ ಬಳಸಿದ ಸೆಂಟ್ಒಎಸ್ 7 ನಿಂತದ್ದು 2024ರ ಜೂನ್ 30ರಂದು. ಎಸ್‌ಕ್ಯುಎಲ್ ಸರ್ವರ್ 2014ರ ಅವಧಿ ಅದೇ ವರ್ಷದ ಜುಲೈ 9ಕ್ಕೆ ಮುಗಿಯಿತು. ಮೇಜಿನ ಮೇಲಿನ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14 ಕೊನೆಯ ದಿನವಾಗಿತ್ತು. ವಿಂಡೋಸ್ ಸರ್ವರ್ 2016ಕ್ಕೆ ಮೈಕ್ರೋಸಾಫ್ಟ್ ನಿಗದಿ ಮಾಡಿರುವ ಗಡುವು 2027ರ ಜನವರಿ 12. ಆ ಹೊತ್ತಿಗೆ ಕಾರ್ಖಾನೆಗಳಲ್ಲಿ ಹಂಗಾಮು ನಡುಮಧ್ಯದಲ್ಲಿರುತ್ತದೆ.